ಹಿಡಿಯದೆ ಉಳಿದ ಲಾಳಿ

ನನ್ನ ಜೊತೆ ಜಗಳವಾಡುವುದು ದಂಡ ಎಂದು ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲೇ ಕೈಚೆಲ್ಲಿದರು. ಅವರು ಒಂದು ಮಾತು ಅಂದರೆ ನಾನು ತಿರುಗಿಸಿ ಬಯ್ಯುವುದಿಲ್ಲ, ಮೂಲೆ ಹಿಡಿದು ಅಳುವುದೂ ಇಲ್ಲ. "ಮೊದಲು ನಾನು ಏನು ಹೇಳಿದೆ ಅನ್ನೋದನ್ನ ಸರಿಯಾಗಿ ಹೇಳಿ, ಆಮೇಲೆ ನಿಮ್ಮದು" ಎಂದು ಕೂತುಬಿಡುತ್ತೇನೆ. ಮಕ್ಕಳಿಗೂ ಅದೇ ಗತಿ. ಸೊಸೆಯಂತೂ ಬಂದ ವರ್ಷವೇ "ಅತ್ತೆ, ಇದೇನು ಮನೆನೋ ಕೋರ್ಟೋ?" ಎಂದು ಕೇಳಿದಳು. ಮನೆಯೇ ಕಣವ್ವ, ಮನೆಯೇ. ಈ ರೋಗ ನನಗೆ ಅಂಟಿದ್ದೇ ಒಂದು ಮನೆಯಲ್ಲಿ. ಕೊಳ್ಳೇಗಾಲದ ನೇಯುವವರ ಬೀದಿಯಲ್ಲಿ ನಾನು ಹುಟ್ಟಿ ಬೆಳೆದ ಆ ಮನೆಯಲ್ಲಿ ಈ ರೋಗ ಎಲ್ಲರಿಗೂ ಇತ್ತು. ನಮ್ಮಪ್ಪನಿಗೆ ಇದ್ದುದು ಮಾತ್ರ ವಾಸಿಯಾಗದ ಜಾತಿಯದು.

ಮನೆ ಎಂದರೆ ಉದ್ದಕ್ಕೆ ಒಂದರ ಹಿಂದೆ ಒಂದು ಕೋಣೆ. ಬೀದಿಗೆ ಮುಖ ಮಾಡಿದ ಜಗಲಿ, ಕೂತು ಕೂತು ನುಣುಪಾದ ಕೆಂಪು ಗಾರೆ. ಒಳಗೆ ಕಾಲಿಟ್ಟರೆ ಮಗ್ಗದ ಕೋಣೆ. ನೆಲದಲ್ಲಿ ಗುಂಡಿ ತೋಡಿ ಇಳಿಸಿದ ಎರಡು ಮಗ್ಗ. ಅಪ್ಪ ಗುಂಡಿಯೊಳಗೆ ಕಾಲಿಳಿಸಿ ಕೂತರೆ ಅವರ ಎದೆ ಮೇಲಿನದಷ್ಟೇ ಕಾಣುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನಿಗೆ ಹಗಲು ಹೊತ್ತು ಕಾಲೇ ಇರುವುದಿಲ್ಲ ಎಂದು ನಾನು ನಂಬಿದ್ದೆ. ಕಿಟಕಿ ಪಕ್ಕ ಅಜ್ಜಿಯ ರಾಟೆ. ಮಗ್ಗದಲ್ಲಿ ಅಡ್ಡ ಎಳೆ ಹೊತ್ತು ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುವುದು ಅಜ್ಜಿಯ ಕೆಲಸ, ಶಾಲೆಯಿಂದ ಬಂದ ಮೇಲೆ ನನ್ನದೂ. ಅದರಾಚೆ ಅಡುಗೆಮನೆ, ಅಲ್ಲಿ ಅವ್ವನ ಉಪ್ಸಾರಿನ ಘಮ, ಮುದ್ದೆ ಕಟ್ಟುವ ಮರದ ತಟ್ಟೆ, ಹೊಗೆಯಿಂದ ಕಪ್ಪಾದ ಜಂತೆ. ಹಿತ್ತಲಲ್ಲಿ ಬಾವಿ. ಗೋಡೆಯ ಗೂಡಿನಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಅಪ್ಪನ ಹಾರ್ಮೋನಿಯಂ. ನಮ್ಮ ಬೀದಿಯ ಭಜನೆಗೆ ಅಪ್ಪನೇ ಮುಂದಾಳು. ನಂಜಪ್ಪ ದನಿ ತೆಗೆದರೆ ಮಾದಪ್ಪ ಬೆಟ್ಟದಿಂದ ಇಳಿದು ಬಂದು ಕೂರುತ್ತಾನೆ ಎಂದು ಜನ ಹೇಳುತ್ತಿದ್ದರು. ಅಪ್ಪನಿಗೆ ಆ ಮಾತು ಕೇಳಿ ಸಂಕೋಚವಾಗುತ್ತಿತ್ತು, ಸುಳ್ಳೇಕೆ ಹೇಳಲಿ, ಒಳಗೊಳಗೇ ಹಿಗ್ಗೂ ಆಗುತ್ತಿತ್ತು.

ಇಂಥ ಅಪ್ಪನಿಗೆ ಪ್ರಾಣಸ್ನೇಹಿತ ಯಾರೆಂದರೆ ಷಣ್ಮುಗಂ ಮಾಮ. ಹಿಂದಿನ ಬೀದಿಯಲ್ಲಿ ರೇಷ್ಮೆಗೆ ಬಣ್ಣ ಹಾಕುವವರು. ಮನೆಮಾತು ತಮಿಳು, ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ತಮಿಳು. ಇವತ್ತು ಯಾರ ಸೀರೆಗೆ ಯಾವ ಬಣ್ಣ ಎಂಬುದು ಅವರ ಮುಂಗೈ ನೋಡಿದರೆ ಗೊತ್ತಾಗುತ್ತಿತ್ತು. ಅವರಿಗೆ ದೇವರಿಲ್ಲ. ಹೆಂಡತಿ ಸೆಲ್ವಿ ಅತ್ತೆ ಗುಡಿಗೆ ಹೋದರೆ ತಡೆಯುತ್ತಿರಲಿಲ್ಲ, ತಾವು ಹೊಸಿಲು ದಾಟುತ್ತಿರಲಿಲ್ಲ. ಭಜನೆಯ ದಿನ ನಮ್ಮ ಜಗಲಿಯ ತುದಿಯಲ್ಲಿ ಕೂತು, ಮುಗಿಯುವ ತನಕ ಬೀಡಿ ಹಚ್ಚದೆ ಕಾಯುತ್ತಿದ್ದರು. "ಹಾಡು ಬೇಕು, ಹಾಡಿಸ್ಕೊಳ್ಳೋನು ಬ್ಯಾಡ" ಎಂದು ನಗುತ್ತಿದ್ದರು.

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ಸೀಮೆಗೆ ಸೇರುವ ಹೊತ್ತು. ನಾನಿನ್ನೂ ಲಂಗ ಎಳೆದುಕೊಂಡು ಓಡಾಡುವವಳು. ಅಪ್ಪನಿಗೆ ಹಬ್ಬವೋ ಹಬ್ಬ. ನಮ್ಮ ಮಾತಿನ ನಾಡಿಗೆ ನಾವು ಸೇರಿದೆವು ಎಂದು. ಷಣ್ಮುಗಂ ಮಾಮನಿಗೆ ಸಂಕಟ. ಒಂದು ಮಧ್ಯಾಹ್ನ ಮಗ್ಗದ ಕೋಣೆಯಲ್ಲೇ ಇಬ್ಬರಿಗೂ ಹತ್ತಿಕೊಂಡಿತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಅಪ್ಪ ರೋಷದಲ್ಲಿ ಗುಂಡಿಯಿಂದ ಎದ್ದ ರಭಸಕ್ಕೆ ಮಗ್ಗಕ್ಕೆ ಉದ್ದಕ್ಕೂ ಬಿಗಿದಿದ್ದ ಹಾಸಿನ ಎಳೆಗಳು ಪಟಪಟ ಕಿತ್ತುಹೋದವು. ಅಜ್ಜಿ ರಾಟೆ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ರಾಟೆ ನಿಂತರೆ ಎಲ್ಲರೂ ನಿಲ್ಲಬೇಕು.

"ಏನ್ಲಾ, ಇಬ್ರೂ ಆ ಕಡೆಯಿಂದ್ಲೂ ಈ ಕಡೆಯಿಂದ್ಲೂ ಒಂದೇ ದಪ ಲಾಳಿ ಎಸೀತಿದ್ದೀರಲ್ಲ! ಅಂಗಾದ್ರೆ ಸೀರೆ ಆಯ್ತದಾ? ಬಂದ ಲಾಳೀನ ಇಡ್ಕಳಿ ಮೊದ್ಲು. ಇಡ್ದಿದ್ದೀನಿ ಅಂತ ತೋರ್ಸಿ. ಆಮೇಲೆ ನಿಮ್ದು ಎಸೀರಿ."

ಅಪ್ಪ, "ಇನ್ನೇನವ್ವ, ಇಂವ ಅಂತಾನೆ..." ಎಂದು ಶುರುಮಾಡಿದರು. ಅಜ್ಜಿ ಕಡ್ಡಿ ಮುರಿದಂತೆ ಅಂದಳು:

"'ಇಂವ ಅಂತಾನೆ' ಅನ್ಬ್ಯಾಡ. ಅಂಗಂದ್ರೆ ಮೂತಿ ತಿರುವಕ್ಕೆ ಜಾಗ ಸಿಕ್ತದೆ. 'ನಾನು' ಅಂತ ಯೋಳು. ಅವನ ಮಾತ ನಿನ್ನ ಬಾಯಲ್ಲಿ ಆಡು."

ಅಪ್ಪ ಕಿತ್ತ ಎಳೆಗಳನ್ನು ಗಂಟು ಹಾಕುತ್ತಾ, ತಲೆ ಎತ್ತದೆ ಅಂದರು: "ಆಯ್ತು. ನನ್ನ ಅಕ್ಕ ತಂಗೀರೆಲ್ಲ ಈರೋಡು ಕಡೆ ಅವ್ರೆ. ನಾಳೆ ನಡುವೆ ಗೆರೆ ಎಳುದ್ರೆ, ನಾನು ನಮ್ಮಕ್ಕನ ಮನೆಗೆ ಪರದೇಸಿಯಾಗಿ ಓಗ್ಬೇಕಾ? ಈ ಊರಲ್ಲಿ ನನ್ನ ಮಾತು ನಾಳಿಕೆ ಬಾಡಿಗೆ ಮನೇಲಿದ್ದಂಗೆ ಆಗಲ್ವಾ?"

ಷಣ್ಮುಗಂ ಮಾಮ ತಿರುಗಿ ಅಪ್ಪನ ಮುಖ ನೋಡಿದರು. ಕೊನೆಯ ಮಾತನ್ನು ಅವರು ಆಡಿರಲೇ ಇಲ್ಲ, ಆದರೆ ಅವರ ಮನಸ್ಸಿನಲ್ಲಿದ್ದದ್ದು ಅದೇ. ಅಷ್ಟರಲ್ಲಿ ಅಪ್ಪನ ಬೆರಳಲ್ಲಿ ಕಿತ್ತ ಎಳೆ ಗಂಟಾಗಿತ್ತು. "ಕೂಡ್ತು ಅಣ್ಣೇ" ಎಂದರು ಮಾಮ. ಎಳೆಗೋ ಮಾತಿಗೋ, ಎರಡಕ್ಕೂ ಇರಬೇಕು. ಆಮೇಲೆ ಅಪ್ಪ ಏನು ಉತ್ತರ ಕೊಟ್ಟರೋ ನನಗೆ ನೆನಪಿಲ್ಲ. ದನಿ ಇಳಿದಿದ್ದು ನೆನಪಿದೆ.

ಅಲ್ಲಿಂದಾಚೆಗೆ ಅದು ನಮ್ಮ ಜಗಲಿಯ ಕಟ್ಟಳೆಯಾಯಿತು. ಸಂಜೆ ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು ಕೂತರೆ ಅಕ್ಕಪಕ್ಕದವರೂ ಬಂದು ಸೇರುತ್ತಿದ್ದರು. ಹನೂರಿನ ಬಸ್ಸಿಗೆ ಹೊತ್ತಿದೆ ಎಂದು ಬಂದು ಕೂತವರು ಬಸ್ಸು ತಪ್ಪಿಸಿಕೊಂಡು, ನಮ್ಮ ಮನೆಯಲ್ಲೇ ಮುದ್ದೆ ಉಂಡು ಮಲಗಿದ್ದೂ ಉಂಟು. ಓಟು, ಗುಡಿ, ಮಡಿ, ಮೈಲಿಗೆ, ಗೋವು, ಹಿಂದಿ, ಏನು ಬೇಕಾದರೂ ಎತ್ತಬಹುದಿತ್ತು. ಎದುರಿನವನ ಮಾತನ್ನು 'ನಾನು' ಎಂದೇ ಹಿಡಿಯಬೇಕು, ಅವನು 'ಕೂಡ್ತು' ಅನ್ನಬೇಕು, ಆಮೇಲೆಯೇ ಉತ್ತರ. ಅಪ್ಪ ದೇವರಿಲ್ಲ ಎಂದು ವಾದಿಸುವುದನ್ನು, ಷಣ್ಮುಗಂ ಮಾಮ ಮಾದಪ್ಪನ ಮಹಿಮೆ ಹೊಗಳುವುದನ್ನು ಕೇಳಿ ನಾನು ಬೆಳೆದೆ. ಇಬ್ಬರಲ್ಲಿ ಯಾರು ಭಕ್ತ ಎಂದು ಹೊಸಬರಿಗೆ ತಬ್ಬಿಬ್ಬಾಗುತ್ತಿತ್ತು. ಅವ್ವ ಜಗಲಿಗೆ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕಾಫಿ ಕೊಡುವವಳು, ಒಂದು ಮಾತನ್ನೂ ಆಡಿದವಳಲ್ಲ. ಆದರೆ ಯಾರಾದರೂ ಎದುರಿನವನ ಮಾತನ್ನು ಅರ್ಧ ಮುರಿದು, ತಿರುಚಿ ಹೇಳಿದರೆ ಲೋಟವನ್ನು ಟಣ್ ಎಂದು ಕುಕ್ಕುತ್ತಿದ್ದಳು. ಅವನು ಮತ್ತೆ ಮೊದಲಿಂದ ಹೇಳಬೇಕು. ಆ ಲೋಟಕ್ಕೆ ಹೆದರದ ಗಂಡಸು ನಮ್ಮ ಬೀದಿಯಲ್ಲಿರಲಿಲ್ಲ.

ಒಂದೇ ಒಂದು ಸಲ ಲಾಳಿ ಹಿಡಿಯದೆ ಉಳಿಯಿತು. ಅವತ್ತು ಜನ ಇರಲಿಲ್ಲ, ಇವರಿಬ್ಬರೇ. ಅಪ್ಪ ಏನೋ ತಮಾಷೆಗೆ, "ಅಲ್ಲ ಷಣ್ಮುಗ, ನಿಂಗೆ ದೇವ್ರ ಮ್ಯಾಲೆ ಇಷ್ಟು ಕ್ವಾಪ ಯಾಕ್ಲಾ?" ಎಂದು ಕೇಳಿಬಿಟ್ಟರು. ಮಾಮ ತಮ್ಮ ಹಳದಿ ಕೈಗಳನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು:

"ಕ್ವಾಪ ಇಲ್ಲ ಅಣ್ಣೇ. ಮಗೀಗೆ ಜ್ವರ ಬಂದಿತ್ತು. ಬರಿಗಾಲಲ್ಲಿ ಬೆಟ್ಟ ಅತ್ತಿದೆ, ಮುಡಿ ಕೊಡಿಸ್ತೀನಿ ಅಂತ ಅರಕೆ ಒತ್ತೆ. ತಿರುಗಿ ಬರಾಗಂಟ ಮಗ ಓಗ್ಬುಟ್ಟಿದ್ದ. ಆ ದೇವ್ರು ಮೇಲವ್ನೆ ಅಂದ್ಕಂಡ್ರೆ ದಿನಾ ಎದ್ದು ಬಯ್ಬೇಕಾಯ್ತದೆ. ಇಲ್ಲ ಅಂದ್ಕಂಡ್ರೆ ಬಣ್ಣ ಅದ್ಕಂಡು ಬದುಕ್ಬೋದು."

ಸೆಲ್ವಿ ಅತ್ತೆಗೆ ಒಂದು ಮಗುವಾಗಿ ಹೋಗಿತ್ತು ಎಂದು ನನಗೆ ಗೊತ್ತಾದದ್ದೇ ಆಗ. ಕಟ್ಟಳೆಯಂತೆ ಅಪ್ಪ ಇದನ್ನೂ 'ನಾನು' ಎಂದು ಹಿಡಿಯಬೇಕಿತ್ತು. ಬಾಯಿ ತೆರೆದರು. ನಾನು ಅಲ್ಲೇ ಅಪ್ಪನ ಮಗ್ಗುಲಲ್ಲಿ ಕೂತಿದ್ದೆ. ಮಕ್ಕಳಿರುವ ಮನೆಯ ಜಗಲಿಯಲ್ಲಿ ಕೂತು, ಹೊತ್ತು ಮುಳುಗುವಾಗ, 'ನನ್ನ ಮಗ ಹೋದ' ಎಂದು ಯಾರು ತಾನೇ ಬಾಯಿಬಿಟ್ಟು ಅಂದಾರು? ಬಾಗಿಲಲ್ಲಿ ಅವ್ವ ಲೋಟ ಕುಕ್ಕಿದಳು. ಮಾತು ತಪ್ಪಿದ್ದಕ್ಕಲ್ಲ, ಆಡಬೇಡಿ ಎಂದು. ಅಪ್ಪ ತಲೆ ತಗ್ಗಿಸಿ, "ಇದ ನಾನು ಇಡಿಯಾಕಾಗಲ್ಲ ಕಣ್ಲಾ" ಎಂದರು. "ಬುಡಣ್ಣೇ" ಎಂದು ಮಾಮ ಬೀಡಿ ಹಚ್ಚಿದರು. ಅಜ್ಜಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಆ ಚಳಿಗಾಲದಲ್ಲೇ ಅವಳೂ ಹೋದಳು, ರಾಟೆ ನನ್ನ ಪಾಲಿಗೆ ಬಂತು.

ನಾನು ಲಂಗದಾವಣಿ ಉಡುವ ಹೊತ್ತಿಗೆ ಊರಿನ ಗಾಳಿಯೇ ಬೇರೆಯಾಗಿತ್ತು. ಎಲೆಕ್ಷನ್ ಹತ್ತಿರವಿತ್ತು. ಒಂದು ಸಂಜೆ ನಾಲ್ಕಾರು ಹುಡುಗರು ಜಗಲಿಗೆ ಬಂದರು. ಷಣ್ಮುಗಂ ಮಾಮನ ಮಾತಿಗೆ ಮರುಳಾದವರು, ಓದಿದವರು, ಬಿಸಿರಕ್ತದವರು. ಮೈದಾನದಲ್ಲಿ ಪೆಂಡಾಲು ಹಾಕಿಸುತ್ತೇವೆ, ಮೈಕು ಇಡಿಸುತ್ತೇವೆ, ನೀವಿಬ್ಬರೂ ದೇವರ ಬಗ್ಗೆ, ಸರ್ಕಾರದ ಬಗ್ಗೆ ಇಲ್ಲಿ ಮಾತಾಡುವ ಹಾಗೇ ಅಲ್ಲಿ ಮಾತಾಡಿ, ಊರೆಲ್ಲ ಕೇಳಲಿ ಎಂದರು. ಇಬ್ಬರಿಗೂ ಖುಷಿಯಾಯಿತು. ಯಾರಿಗೆ ಆಗುವುದಿಲ್ಲ? ಅವರು ಹೋದ ಮೇಲೆ ಅವ್ವ ಅಂದಳು:

"ಜಗ್ಲಿ ಮಾತು ಜಗ್ಲೀಲಿದ್ರೇ ಚೆಂದ. ಮೈದಾನಕ್ಕೆ ಗೋಡೆ ಇಲ್ಲ ಕಣ್ರಿ."

"ಊರೂ ಒಸಿ ಕಲೀಲಿ ಕಣಮ್ಮಿ. ನಮ್ಮವ್ವ ಯೋಳ್ಕೊಟ್ಟದ್ದು ನಮ್ಮಿಬ್ರ ಜೊತೇಲೇ ಮಣ್ಣಾಗ್ಬೇಕಾ?" ಎಂದರು ಅಪ್ಪ.

ಸಭೆಯ ಸಂಜೆ ಅಪ್ಪ ಒಗೆದ ಜುಬ್ಬ ತೊಟ್ಟು, ಹಣೆತುಂಬ ವಿಭೂತಿ ಧರಿಸಿ ಹೊರಟರು. ಮಾಮನ ಕೈ ಅವತ್ತು ನೀಲಿ. ಇಬ್ಬರೂ ಮದುವೆಗೆ ಹೊರಟವರಂತೆ ಒಟ್ಟಿಗೇ ನಡೆದು ಹೋದರು. ಹಿಂದೆ ನಾನು, ಅವ್ವ, ಸೆಲ್ವಿ ಅತ್ತೆ. ಹೆಂಗಸರಿಗೆಂದು ಬಿಟ್ಟಿದ್ದ ಅಂಚಿನಲ್ಲಿ ಕೂತೆವು. ಮೈದಾನ ತುಂಬಿತ್ತು. ಹುಡುಗರು ಮೈಕಿನ ಒಂದು ಹಾರ್ನ್ ಅನ್ನು ಪೆಂಡಾಲಿಗೂ, ಇನ್ನೊಂದನ್ನು ಗುಡಿ ಬೀದಿಯ ತುದಿಯ ಹುಣಸೆಮರಕ್ಕೂ ಕಟ್ಟಿದ್ದರು. ಮೊದಲು ಮಾಮ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು, ಯಾರನ್ನೂ ಹಳಿಯದೆ. ಆಮೇಲೆ ಅಪ್ಪ ಎದ್ದು ಮೈಕಿನ ಮುಂದೆ ನಿಂತರು. ಕೈ ಮುಗಿದರು. ಹತ್ತು ವರ್ಷ ಜಗಲಿಯಲ್ಲಿ ಹೇಗೆ ಶುರುಮಾಡಿದ್ದರೋ ಹಾಗೇ ಶುರುಮಾಡಿದರು:

"ಕಲ್ಲು ಕಲ್ಲೇಯ. ಎಣ್ಣೆ ಸುರುದ್ರೂ ಕಲ್ಲು, ಹಾಲು ಸುರುದ್ರೂ ಕಲ್ಲು. ಆ ಹಾಲ ಹಸಿದ ಮಗೀಗೆ ಕುಡ್ಸಿ ಅಂತೀನಿ ನಾನು. ಬಾಗ್ಲಾಚೆ ನಿಂತಿರೋ ಮನುಷ್ಯನ್ನ ಒಳೀಕೆ ಕರೀದ ದೇವ್ರು ನಂಗೆ ಬ್ಯಾಡ. ಅಂಥ ದೇವ್ರ ಎಸ್ರಲ್ಲಿ ಓಟು ಕೇಳೋನೂ ಬ್ಯಾಡ."

ಇದು ನನ್ನ ಮಾತಲ್ಲ, ಷಣ್ಮುಗಂ ಮಾತನ್ನು ಹಿಡಿಯುತ್ತಿದ್ದೇನೆ ಎಂದು ಮೊದಲೇ ಹೇಳಬೇಕು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಜಗಲಿಯಲ್ಲಿ ಹೇಳಬೇಕಾಗಿರಲಿಲ್ಲವಲ್ಲ. ಮೈದಾನದಲ್ಲಿದ್ದವರು, ಹುಣಸೆಮರದ ಕೆಳಗೆ ನಿಂತವರು, ಗುಡಿಯಲ್ಲಿ ಮಂಗಳಾರತಿಗೆ ಕಾದವರು, ಎಲ್ಲರೂ ಕೇಳಿದ್ದು ಒಂದೇ: ಭಜನೆಯ ನಂಜಪ್ಪ ವಿಭೂತಿ ಹಚ್ಚಿಕೊಂಡು ದೇವರನ್ನು ಕಲ್ಲು ಅಂದ. ಕೂಡಲೇ ಹುಡುಗರ ಶಿಳ್ಳೆ, ಚಪ್ಪಾಳೆ. "ನಂಜಪ್ಪನೋರೇ ಒಪ್ಕಂಡ್ರು! ಗೆದ್ದೋ ಕಣ್ರಲೇ!" ಹಿಂದಿನಿಂದ ಯಾರೋ, "ತೂ, ನಿನ್ನ ಭಜನೆಗಿಷ್ಟು!" ಎಂದು ಉಗಿದರು.

ಅಪ್ಪನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ಅವರು ಎಂದಿನಂತೆ ಷಣ್ಮುಗಂ ಮಾಮನ ಕಡೆ ತಿರುಗಿ ನಿಂತಿದ್ದರು. ಕೂಡ್ತು ಅನ್ನಲಿ ಎಂದು. ಹುಡುಗರು ಆಗಲೇ ಮಾಮನನ್ನು ಮುತ್ತಿಕೊಂಡು ಕೊರಳಿಗೆ ಹಾರ ಹಾಕಿದ್ದರು, ಬೆನ್ನು ತಟ್ಟುತ್ತಿದ್ದರು. ಒಂದೇ ಒಂದು ಮಾತು ಸಾಕಿತ್ತು. 'ಅದು ನನ್ನ ಮಾತು, ಅಣ್ಣ ಅದನ್ನ ಸರಿಯಾಗಿ ಹೇಳಿದ್ರು, ಈಗ ಅವರದು ಕೇಳಿ' ಅಂದಿದ್ದರೆ ಆಗುತ್ತಿತ್ತು. ಮಾಮ ಅಪ್ಪನನ್ನು ನೋಡಿದರು. ಹುಡುಗರನ್ನು ನೋಡಿದರು. ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ತಲೆ ತಗ್ಗಿಸಿ ನೀಲಿ ಕೈ ನೋಡುತ್ತಾ ಕೂತುಬಿಟ್ಟರು. ನನ್ನ ಪಕ್ಕದಲ್ಲಿ ಅವ್ವನ ಕೈ ನೆಲ ತಡಕುತ್ತಿತ್ತು. ಕುಕ್ಕುವುದಕ್ಕೆ ಅವಳ ಕೈಯಲ್ಲಿ ಲೋಟ ಇರಲಿಲ್ಲ. "ಯೋಳಿ ಅಣ್ಣಾ, ಯೋಳಿ" ಎಂದು ಮಾಮನ ಕಡೆ ನೋಡಿ ಗೊಣಗಿದಳು, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅಪ್ಪ ಉತ್ತರ ಶುರುಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೂಡ್ತು ಎನ್ನಿಸಿಕೊಳ್ಳದೆ ಉತ್ತರ ಎಸೆಯುವುದು ಅವರ ಬಾಯಿಗೇ ಬರುತ್ತಿರಲಿಲ್ಲ. ಕಾಯುತ್ತಾ ನಿಂತೇ ಇದ್ದರು. ಯಾರೋ ಬಂದು ಮೈಕು ಎತ್ತಿಕೊಂಡು ಹೋದರು.

ಭಜನೆಯ ಹಿರಿಯರು ಮಾರನೆಯ ದಿನವೇ ಬಂದರು. ಕೆಟ್ಟವರೇನಲ್ಲ, ಅಪ್ಪನ ಮೇಲೆ ಪ್ರೀತಿ ಇದ್ದವರೇ. ಗುಡಿಗೆ ಬಂದು ಒಂದು ಕಾಯಿ ಒಡೆದು ತಪ್ಪಾಯ್ತು ಅಂದುಬಿಡು, ಮುಗಿಯಿತು ಎಂದರು.

"ತಪ್ಪಾಯ್ತು ಅಂದ್ರೆ ಅದು ನನ್ನ ಮಾತು ಅಂತ ಒಪ್ಕಂಡಂಗೆ. ಅದು ಷಣ್ಮುಗನ ಮಾತು. ಅವನ ಮಾತಿಗೆ ನಾನ್ಯಾಕೆ ತಪ್ಪು ಕಾಣಿಕೆ ಕಟ್ಲಿ? ಅದು ಅವನಿಗೂ ಅವಮಾನ ಅಲ್ವಾ?"

"ಓಗ್ಲಿ, ನೀನು ಏನು ಯೋಳ್ಬೇಕಂತಿದ್ದೆ, ಅದ್ನಾದ್ರೂ ಯೋಳಪ್ಪ."

"ಅಂವ ಬಂದು ಕೂಡ್ತು ಅನ್ಲಿ. ಯೋಳ್ತೀನಿ."

ಎಂಥ ಹಟ! ಮೈದಾನದಲ್ಲಿ ಆಡದೆ ಉಳಿದ ಆ ಉತ್ತರ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಿರಿಯರು ಎದ್ದು ಹೋದರು. ಭಜನೆಗೆ ಬೇರೆಯವರು ಮುಂದಾಳಾದರು. ಗೂಡಿನಲ್ಲಿದ್ದ ಹಾರ್ಮೋನಿಯಂ ಮೇಲಿನ ಧೂಳನ್ನು ಅವ್ವ ದಿನಾ ಒರೆಸುತ್ತಿದ್ದಳು, ಅಪ್ಪ ಅದರ ಕಡೆ ನೋಡುತ್ತಿರಲಿಲ್ಲ. ಜಗಲಿಗೆ ಜನ ಬರುವುದು ನಿಂತಿತು. ಬಂದ ಒಬ್ಬಿಬ್ಬರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡುತ್ತಿದ್ದರು. ಅಪ್ಪ ಎದ್ದು ಒಳಗೆ ಹೋಗುತ್ತಿದ್ದರು. ಷಣ್ಮುಗಂ ಮಾಮ ಬರಲಿಲ್ಲ. ಬೀದಿಯ ತಿರುವಿನ ತನಕ ಬಂದು, ನಿಂತು, ವಾಪಸು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಪ್ಪನೂ ನೋಡುತ್ತಿದ್ದರು. 'ಬಾರ್ಲಾ' ಅಂದಿದ್ದರೆ ಓಡಿ ಬರುತ್ತಿದ್ದರು. ಇವರು ಅನ್ನಲಿಲ್ಲ, ಅವರು ಬರಲಿಲ್ಲ. ಅವ್ವ ತಲೆ ಚಚ್ಚಿಕೊಂಡು ಅಂದಳು:

"ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು ಅಂತಾರೆ. ಇವರಿಬ್ರದು ಆಡ್ದಲೇ ಓಯ್ತಲ್ಲವ್ವ!"

ನನ್ನನ್ನು ಯಳಂದೂರಿಗೆ ಕೊಟ್ಟರು. ಧಾರೆ ಸೀರೆಯನ್ನು ಅಪ್ಪನೇ ನೇಯ್ದರು. ರೇಷ್ಮೆಗೆ ಬಣ್ಣ ಹಾಕಿಸಲು ಅವ್ವ ಯಾರಿಗೂ ಹೇಳದೆ ಸೆಲ್ವಿ ಅತ್ತೆಯ ಕೈಯಲ್ಲಿ ಕಳಿಸಿದ್ದಳು. ಮಗ್ಗಕ್ಕೆ ಏರಿಸುವಾಗ ಅಪ್ಪ ಆ ಕೆಂಪನ್ನು ಬೆಳಕಿಗೆ ಹಿಡಿದು ನೋಡಿದರು. ಅಂಥ ಕೆಂಪು ಊರಿನಲ್ಲಿ ಒಬ್ಬರ ಕೈಯಲ್ಲೇ ಬರುತ್ತಿದ್ದುದು. ಆಮೇಲೆ ಕೂತು ನೇಯ್ದರು. ಮದುವೆಯ ದಿನ ಮಾಮ ಚಪ್ಪರದ ಆಚೆ ನಿಂತು ಅಕ್ಷತೆ ಹಾಕಿದರು. ಊಟಕ್ಕೆ ಕೂರಲಿಲ್ಲ. ಅವರ ಉಗುರಿನ ಸಂದಿಯಲ್ಲಿ ಇನ್ನೂ ನನ್ನ ಸೀರೆಯ ಕೆಂಪಿತ್ತು.

ಮೊದಲ ಹೆರಿಗೆಗೆ ನಾನು ತವರಿಗೆ ಬಂದಿದ್ದೆ. ಗಂಡುಮಗು. ಮಗ್ಗದ ಕೋಣೆಯ ಜಂತೆಗೇ ತೊಟ್ಟಿಲು ಕಟ್ಟಿದ್ದರು. ಒಂದು ಬೆಳಿಗ್ಗೆ ಸೆಲ್ವಿ ಅತ್ತೆಯ ಮನೆಯಿಂದ ಸುದ್ದಿ ಬಂತು. ಷಣ್ಮುಗಂ ಮಾಮ ಬಣ್ಣದ ಹಂಡೆಯ ಮುಂದೆ ಕೂತವರು ಹಾಗೇ ಒರಗಿದರಂತೆ. ಬಾಣಂತಿ ಇರುವ ಮನೆಯಿಂದ ಸಾವಿಗೆ ಹೋಗಬಾರದು ಅನ್ನುತ್ತಾರೆ. ಅಪ್ಪ ಲಾಳಿ ಕೆಳಗಿಟ್ಟು ಎದ್ದು ಹೋದರು. ಅವ್ವ ತಡೆಯಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟು, ಮಣ್ಣು ಮಾಡಿ, ಹಿತ್ತಲಿನಿಂದ ಬಂದು, ಬಾವಿಯ ಹತ್ತಿರ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಜಗಲಿಯ ಮೇಲೆ ಕೂತರು. ಅವ್ವ ಕಾಫಿ ಹಿಡಿದು ಬಾಗಿಲಿಗೆ ಬಂದಳು. ನಾನು ಒಳಗೆ ತೊಟ್ಟಿಲು ತೂಗುತ್ತಿದ್ದೆ.

"ಸೆಲ್ವಮ್ಮ ಯೋಳ್ತು ಕಣಮ್ಮಿ" ಎಂದರು ಅಪ್ಪ, ಬೀದಿಯ ಕಡೆಗೇ ನೋಡುತ್ತಾ. "ದಿನಾ ಸಂಜೆ ಅಂತಿದ್ನಂತೆ. ನಾಳಿಕೆ ಓಗಿ ಅಣ್ಣನಿಗೆ ಕೂಡ್ತು ಅಂದು ಬತ್ತೀನಿ ಅಂತ."

ಅಪ್ಪ ಜಗಲಿಯ ತುದಿಗೆ, ಮಾಮ ಕೂರುತ್ತಿದ್ದ ಜಾಗಕ್ಕೆ ಮುಖ ಮಾಡಿ, ಜಗಲಿಯ ದನಿಯಲ್ಲಿ ಶುರುಮಾಡಿದರು:

"ನಂಗೆ ಕ್ವಾಪ ಇಲ್ಲ. ನನ್ನ ಮಗೀಗೆ ಜ್ವರ ಬಂದಿತ್ತು. ಬರಿಗಾಲಲ್ಲಿ ಬೆಟ್ಟ ಅತ್ತಿದೆ, ಮುಡಿ ಕೊಡಿಸ್ತೀನಿ ಅಂತ ಅರಕೆ ಒತ್ತೆ. ತಿರುಗಿ ಬರಾಗಂಟ ನನ್ನ ಮಗ ಓಗ್ಬುಟ್ಟಿದ್ದ."

ನನ್ನ ಕೈ ತೊಟ್ಟಿಲ ಮೇಲೆ ನಿಂತುಹೋಯಿತು. ಈಗ ಅವ್ವ ಲೋಟ ಕುಕ್ಕುತ್ತಾಳೆ ಅಂದುಕೊಂಡೆ. ಕುಕ್ಕಲಿಲ್ಲ.

"ಆ ದೇವ್ರು ಮೇಲವ್ನೆ ಅಂದ್ಕಂಡ್ರೆ ದಿನಾ ಎದ್ದು ಬಯ್ಬೇಕಾಯ್ತದೆ. ಇಲ್ಲ ಅಂದ್ಕಂಡ್ರೆ ಬಣ್ಣ ಅದ್ಕಂಡು ಬದುಕ್ಬೋದು."

ಹೇಳಿ ಮುಗಿಸಿ, ಅಭ್ಯಾಸಬಲದಿಂದ, ಅಪ್ಪ ಕಾದರು. ಖಾಲಿ ಜಾಗವನ್ನು ನೋಡುತ್ತಾ ಕಾದರು. ಅವ್ವ ಹೊಸಿಲು ದಾಟಿ ಜಗಲಿಗೆ ಬಂದಳು. ನಾನು ಕಂಡಂತೆ ಅದೇ ಮೊದಲು. ಲೋಟವನ್ನು ಸದ್ದಿಲ್ಲದೆ ಅವರ ಪಕ್ಕದಲ್ಲಿಟ್ಟಳು.

"ಕೂಡ್ತು" ಎಂದಳು. "ಈಗ ನಿಮ್ದು ಯೋಳಿ."

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಂದೇನೂ ಇಲ್ಲ ಕಣಮ್ಮಿ. ಅವತ್ತು ಅಂವ ಮಗೀನ ಮಾತು ಯೋಳ್ದಾಗ್ಲೂ ಇರ್ನಿಲ್ಲ. ನಂದೇನೂ ಇಲ್ಲ ಕಣ್ಲಾ ಅಂತ ಅವನಿಗೆ ಯೋಳ್ಬೋದಾಗಿತ್ತು."